ಗಂಡು ಮರಿಗಳು ಹುಟ್ಟದ ಕಡಲ ತೀರ

ಮನೆಯಲ್ಲಿ ಕೋಳಿ ಸಾಕಿದ ಸಹೋದರಿಯರಿಗೆ ಕಾವಿನ ಬೆಲೆ ಗೊತ್ತು. ಹೇಂಟೆ ಇಪ್ಪತ್ತೊಂದು ದಿನ ಮೊಟ್ಟೆಗಳನ್ನು ಬಿಟ್ಟು ಹೆಚ್ಚು ಹೊತ್ತು ಏಳುವುದಿಲ್ಲ. ಆದರೆ ಮರಿ ಹೆಣ್ಣೋ ಗಂಡೋ ಎಂಬುದು ಆ ಕಾವಿನಿಂದ ನಿರ್ಧಾರವಾಗುವುದಿಲ್ಲ. ಕಡಲಾಮೆಯ ವಿಷಯ ಹಾಗಲ್ಲ. ತಾಯಿ ಆಮೆ ರಾತ್ರಿ ದಡಕ್ಕೆ ಬಂದು, ಮರಳಿನಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಹಿಂದಿರುಗಿಬಿಡುತ್ತದೆ. ಮುಂದಿನ ಸುಮಾರು ಎರಡು ತಿಂಗಳು ಕಾವು ಕೊಡುವುದು ಮರಳೇ. ಅದರ ಬಿಸಿ 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಗಂಡು ಹೆಣ್ಣು ಹೆಚ್ಚುಕಡಿಮೆ ಸಮನಾಗಿ ಹುಟ್ಟುತ್ತವೆ. ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಮಿತಿಮೀರಿ ಕಾದರೆ ಮೊಟ್ಟೆಯೊಳಗೇ ಸಾವು.

ಭೂಮಿಯ ತಾಪ ಏರುತ್ತಿರುವುದರ ಪರಿಣಾಮವನ್ನು ಇಲ್ಲಿ ನೋಡಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ರೇನ್ ಎಂಬ ಪುಟ್ಟ ದ್ವೀಪವಿದೆ. ಹಸಿರು ಕಡಲಾಮೆಗಳು ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ಮೊಟ್ಟೆಯಿಡಲು ಬರುವುದು ಅಲ್ಲಿಗೆ. ಎಳೆಯ ಆಮೆಯನ್ನು ಹೊರಗಿನಿಂದ ನೋಡಿ ಗಂಡು ಹೆಣ್ಣು ಗುರುತಿಸಲಾಗದು. ಹಾಗಾಗಿ ವಿಜ್ಞಾನಿಗಳು ರಕ್ತ ಪರೀಕ್ಷೆಯ ನೆರವು ಪಡೆದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಬೆಚ್ಚಿಬೀಳಿಸುವಂಥದ್ದು. ಆ ಉತ್ತರದ ತೀರಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಹೆಣ್ಣು! ವಯಸ್ಕ ಆಮೆಗಳಲ್ಲಿ ಈ ಪ್ರಮಾಣ ಸುಮಾರು 87. ದಕ್ಷಿಣದ ತಂಪು ತೀರಗಳವುಗಳಲ್ಲಿ 65ರಿಂದ 69 ಮಾತ್ರ.

ಹೆಣ್ಣು ಹೆಚ್ಚಾದರೆ ಮೊಟ್ಟೆಯೂ ಹೆಚ್ಚಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಒಂದು ಗಂಡು ಹಲವು ಹೆಣ್ಣುಗಳೊಂದಿಗೆ ಕೂಡುವುದರಿಂದ ಕೆಲವು ಕಾಲ ಹಾಗೆಯೇ ಕಾಣುತ್ತದೆ. ಆದರೆ ಈಗಿರುವ ಗಂಡುಗಳು ಹಿಂದಿನ ತಂಪು ವರ್ಷಗಳಲ್ಲಿ ಹುಟ್ಟಿದವು. ಹಸಿರು ಕಡಲಾಮೆ ಪ್ರಾಯಕ್ಕೆ ಬರಲು ಎರಡು ಮೂರು ದಶಕಗಳೇ ಬೇಕು. ಆದ್ದರಿಂದ ಇಂದಿನ ಕೊರತೆ ನಮ್ಮ ಮಕ್ಕಳ ಕಾಲಕ್ಕೆ ಕಣ್ಣಿಗೆ ಬೀಳುತ್ತದೆ. ಸಾಲದೆಂಬಂತೆ ಏರುವ ಕಡಲು ತಗ್ಗಿನ ಗೂಡುಗಳಿಗೆ ನುಗ್ಗಿ ಮೊಟ್ಟೆಗಳ ಉಸಿರುಗಟ್ಟಿಸುತ್ತದೆ.

ಇದು ದೂರದ ಕಥೆಯೆಂದು ಪುಟ ಮಗುಚಬೇಡಿ. ನಮ್ಮ ಕರಾವಳಿಯಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಕಡಲಾಮೆಗಳಿಗೂ ಮರಳಿನ ಕಾವಿನದ್ದೇ ತೀರ್ಪು. ಉತ್ತರ ಕನ್ನಡದಲ್ಲಿ ಅರಣ್ಯ ಇಲಾಖೆಯವರು, ಮೀನುಗಾರರು ಸೇರಿ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ಅದು ನಾಯಿಗಳ ಕಾಟವನ್ನು ತಪ್ಪಿಸುತ್ತದೆ, ಸೆಖೆಯನ್ನಲ್ಲ. ಗೂಡಿಗೆ ನೆರಳು ಕಟ್ಟುವುದು, ನೀರು ಚಿಮುಕಿಸಿ ಮರಳನ್ನು ತಂಪಾಗಿಡುವುದು ಮುಂತಾದ ಪ್ರಯೋಗಗಳು ಬೇರೆ ಕಡೆ ನಡೆದಿವೆ. ಕೆಲವು ಗೂಡುಗಳಿಗಾದರೆ ಸರಿ, ಸಾವಿರಾರು ಆಮೆಗಳು ಬರುವ ರೇನ್‌ನಂಥ ದ್ವೀಪಕ್ಕೆ ಎಷ್ಟೆಂದು ನೀರು ಹೊಯ್ಯುವುದು?