ದೇವರಮನೆ ಬೆಟ್ಟದ ಬುಡದಲ್ಲಿ ಮಿನಿ ಪಿಸಿ: ವ್ಯಾಟ್ ಲೆಕ್ಕ, ರೂಪಾಯಿ ಲೆಕ್ಕ

ಅಂಗೈಯಗಲದ ಮಿನಿ ಪಿಸಿ ಮಾರುವವರು ಮೊದಲು ಎತ್ತುವ ಮಾತು ಕರೆಂಟ್ ಬಿಲ್ಲಿನ ಉಳಿತಾಯದ್ದು. ಆ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ಕಚೇರಿ ಕೆಲಸಕ್ಕೆ ಸರಾಸರಿ 12 ವ್ಯಾಟ್ ಎಳೆಯುತ್ತದೆ, ಅದೇ ಕೆಲಸಕ್ಕೆ ದೊಡ್ಡ ಡಬ್ಬದ ಡೆಸ್ಕ್‌ಟಾಪ್ 60 ವ್ಯಾಟ್ ಎಳೆಯುತ್ತದೆ ಎಂದು ಹಿಡಿಯೋಣ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 2,400 ಗಂಟೆ. ಮಿನಿಗೆ 28.8 ಯೂನಿಟ್, ಡಬ್ಬಕ್ಕೆ 144 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಒಂದಕ್ಕೆ 173 ರೂಪಾಯಿ, ಇನ್ನೊಂದಕ್ಕೆ 864. ಉಳಿಯುವುದು ವರ್ಷಕ್ಕೆ 691 ರೂಪಾಯಿ. ಮಿನಿಯ ಬೆಲೆ 18,000 ರೂಪಾಯಿ ಎಂದಾದರೆ, ಬಿಲ್ಲಿನ ಉಳಿತಾಯದಿಂದಲೇ ಆ ಹಣ ಹುಟ್ಟಲು 26 ವರ್ಷ ಬೇಕು. ಅಷ್ಟು ವರ್ಷ ಯಾವ ಕಂಪ್ಯೂಟರೂ ಬಾಳುವುದಿಲ್ಲ.

ಗೃಹಜ್ಯೋತಿಯ ಫಲಾನುಭವಿಗಳು ಇದನ್ನು ಇನ್ನೊಂದು ಕಡೆಯಿಂದ ನೋಡಬೇಕು. ಉಚಿತ ಯೂನಿಟ್‌ಗಳ ಮಿತಿ ನಿಂತಿರುವುದು ಮನೆಯ ಹಳೆಯ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದ ಲೆಕ್ಕದ ಮೇಲೆ. ಸರಾಸರಿ 60 ಯೂನಿಟ್ ಇದ್ದ ಮನೆಗೆ ಸಿಗುವ ಹೆಚ್ಚುವರಿ ತಿಂಗಳಿಗೆ 6 ಯೂನಿಟ್. 20 ವ್ಯಾಟ್‌ನ ಮಾನಿಟರ್ ಸೇರಿಸಿ ಮಿನಿ ತಿಂಗಳಿಗೆ 6.4 ಯೂನಿಟ್ ಉರಿಸುತ್ತದೆ, ಡಬ್ಬ 16 ಯೂನಿಟ್. ಮಿನಿ ಹೆಚ್ಚುಕಡಿಮೆ ಆ ಸಂದಿಯೊಳಗೇ ಕೂರುತ್ತದೆ.

ಆದರೆ ಮೂಡಿಗೆರೆ ತಾಲ್ಲೂಕಿನ ಈ ಮೂಲೆಯಲ್ಲಿ, ಕಾಲಭೈರವೇಶ್ವರನ ಗುಡಿಯ ಸುತ್ತಲಿನ ಕಾಫಿ ತೋಟಗಳಲ್ಲಿ, ವ್ಯಾಟ್‌ಗೆ ಬಿಲ್ಲಿಗಿಂತ ದೊಡ್ಡ ಬೆಲೆ ಇದೆ. ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಲೈನ್ ಮೇಲೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ. ಮೆಸ್ಕಾಂನ ಲೈನ್‌ಮನ್‌ಗಳು ಆ ಮಳೆಯಲ್ಲೇ ಗುಡ್ಡ ಹತ್ತಿ ಸರಿಮಾಡುವವರೆಗೆ ಮನೆಯ ಆಧಾರ ಬ್ಯಾಟರಿಯೊಂದೇ. ಆಗ ಎಣಿಸಬೇಕಾದದ್ದು ಗಂಟೆಗಳನ್ನು.

12 ವೋಲ್ಟ್, 150 ಆಂಪಿಯರ್-ಅವರ್‌ನ ಸಾಮಾನ್ಯ ಇನ್ವರ್ಟರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ, ಆದ್ದರಿಂದ ಶೇಕಡಾ 70 ಬಳಸೋಣ. ಇನ್ವರ್ಟರ್ ತಾನು ನುಂಗುವ ಪಾಲು ಕಳೆದರೆ ಕೈಗೆ ಸಿಗುವುದು ಸುಮಾರು 1,000. ಮಳೆಗಾಲದ ಮಲೆನಾಡಿನ ಮನೆಗೆ ಫ್ಯಾನ್ ಬೇಡ. 9 ವ್ಯಾಟ್‌ನ 6 ಬಲ್ಬು, 10 ವ್ಯಾಟ್‌ನ ಒಂದು ರೂಟರ್, ಒಟ್ಟು 64 ವ್ಯಾಟ್. ಇಷ್ಟೇ ಆದರೆ ಬ್ಯಾಟರಿ ಹದಿನೈದೂವರೆ ಗಂಟೆ ಎಳೆಯುತ್ತದೆ. ಮಿನಿ ಮತ್ತು ಮಾನಿಟರ್ ಸೇರಿದರೆ 96 ವ್ಯಾಟ್, ಸುಮಾರು 10 ಗಂಟೆ 25 ನಿಮಿಷ. ಡಬ್ಬ ಮತ್ತು ಮಾನಿಟರ್ ಸೇರಿದರೆ 144 ವ್ಯಾಟ್, 7 ಗಂಟೆಗೂ ಸ್ವಲ್ಪ ಕಮ್ಮಿ. ಮೂರೂವರೆ ಗಂಟೆಯ ಈ ವ್ಯತ್ಯಾಸವೇ ಮಿನಿಯ ನಿಜವಾದ ಲಾಭ. ಸಂಜೆ ಕತ್ತಲಾದ ಮೇಲೆ ಕೂಲಿ ಲೆಕ್ಕ ಬರೆದು ಮುಗಿಸಿದವರಿಗೂ ಮನೆಯಲ್ಲಿ ದೀಪ ಉಳಿದಿರುತ್ತದೆ.

ಇನ್ವರ್ಟರ್ ಇಲ್ಲದೆ 600 ವಿಎ ಯುಪಿಎಸ್ ಒಂದನ್ನೇ ನಂಬಿದವರಿಗೆ ಅಂತರ ಇನ್ನೂ ಎದ್ದು ಕಾಣುತ್ತದೆ. ಅದರೊಳಗಿನ 7 ಆಂಪಿಯರ್-ಅವರ್ ಬ್ಯಾಟರಿಯಿಂದ ಅರ್ಧ, ಅಂದರೆ ಸುಮಾರು 42 ವ್ಯಾಟ್-ಅವರ್ ಸಿಕ್ಕರೆ ಅದೇ ಹೆಚ್ಚು. ಯುಪಿಎಸ್ ತನಗೇ 10 ವ್ಯಾಟ್ ತಿನ್ನುತ್ತದೆ ಎಂದು ಸೇರಿಸಿದರೂ ಮಿನಿಗೆ ಒಂದು ಗಂಟೆ ಸಿಗುತ್ತದೆ. ಡಬ್ಬಕ್ಕೆ ಅರ್ಧ ಗಂಟೆಯೂ ಇಲ್ಲ. ಭಾರ ಹೆಚ್ಚಿದಷ್ಟೂ ಈ ಬ್ಯಾಟರಿ ಕೊಡುವ ಒಟ್ಟು ಶಕ್ತಿಯೂ ಇಳಿಯುವುದರಿಂದ ಡಬ್ಬದವರು 20 ನಿಮಿಷವೆಂದೇ ತಿಳಿದುಕೊಳ್ಳುವುದು ಕ್ಷೇಮ.

ಇಷ್ಟು ಚಿಕ್ಕ ಪೆಟ್ಟಿಗೆಗೆ ತೋಟದ ಕೆಲಸ ತೂಗಿಸುವ ತಾಕತ್ತು ಇದೆಯೇ? ಧಾರಾಳವಾಗಿ ಇದೆ. 20 ಆಳುಗಳ ಚೆಕ್‌ರೋಲ್, 300 ಕೆಲಸದ ದಿನ, ಆಳಿಗೊಂದು ಸಾಲಿನಂತೆ ವರ್ಷಕ್ಕೆ 6,000 ಸಾಲು. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಸುತ್ತದೆ. ಒಂದೇ ಹಾಳೆಗೆ 174 ವರ್ಷದ ಕೂಲಿ ಲೆಕ್ಕ! ಪಹಣಿ ತೆಗೆಯುವುದು, ಟ್ಯಾಲಿ, ಬ್ಯಾಂಕ್ ವ್ಯವಹಾರ, ಹೋಮ್‌ಸ್ಟೇ ಬುಕಿಂಗ್, ಮಕ್ಕಳ ಆನ್‌ಲೈನ್ ಪಾಠ, ಇದಾವುದೂ 4 ಕೋರ್‌ಗಳ ಈ ಪ್ರೊಸೆಸರ್‌ಗೆ ಭಾರವಲ್ಲ. ಕನ್ನಡ ಬರೆಯುವವರು ಮಾತ್ರ ಒಂದು ವಿಷಯ ಗಮನಿಸಬೇಕು. ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಲೆಂದು ತುಡಿದು, ಕನ್ನಡ ತಂತ್ರಾಂಶದ ಕೆಲಸಕ್ಕೆ ಹೆಗಲು ಕೊಟ್ಟ ಪೂರ್ಣಚಂದ್ರ ತೇಜಸ್ವಿಯವರ ಊರು ಇದು. ಅವರ ಕಾಲದ ನುಡಿ, ಬರಹ ಕಡತಗಳು ಇಲ್ಲಿನ ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ನುಡಿ, ಬರಹ ಎರಡೂ ವಿಂಡೋಸ್‌ನ ತಂತ್ರಾಂಶಗಳು. ಟ್ಯಾಲಿಯೂ ಹಾಗೆಯೇ. ಅಗ್ಗವೆಂದು ರಾಸ್ಪ್‌ಬೆರಿ ಪೈ ತಂದರೆ ಇವು ಓಡುವುದಿಲ್ಲ. 2024ರಲ್ಲಿ 59,900 ರೂಪಾಯಿಗೆ ಬಂದ ಮ್ಯಾಕ್ ಮಿನಿ 12.7 ಸೆಂ.ಮೀ. ಚೌಕದ ಸೊಗಸಾದ ಯಂತ್ರ, ಆದರೆ ಅದರಲ್ಲೂ ಇವು ನೇರವಾಗಿ ನಡೆಯುವುದಿಲ್ಲ.

ಮಿನಿ ಸೋಲುವ ಕೆಲಸವೂ ಒಂದಿದೆ. ಹೋಮ್‌ಸ್ಟೇ ನಡೆಸುವವರು ಕ್ಯಾಮೆರಾಗಳ ದೃಶ್ಯವನ್ನೂ ಇದರಲ್ಲೇ ತುಂಬಿಡಬಹುದೇ ಎಂದು ಕೇಳುತ್ತಾರೆ. ಸೆಕೆಂಡಿಗೆ 2 ಮೆಗಾಬಿಟ್ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬುತ್ತದೆ, ನಾಲ್ಕು ಸೇರಿದರೆ 86.4 ಜಿಬಿ. 256 ಜಿಬಿಯ ಮಿನಿ ಮೂರು ದಿನವೂ ತಡೆಯದು. ದೊಡ್ಡ ಹಾರ್ಡ್‌ಡಿಸ್ಕ್ ಕೂರಿಸಲು ಒಳಗೆ ಜಾಗವೇ ಇಲ್ಲ. ಆ ಕೆಲಸಕ್ಕೆ ಡಿವಿಆರ್ ಬೇರೆಯೇ ಇರಲಿ. ಇನ್ನು, ಮನೆಯ ಟಿವಿಗೇ ಮಿನಿ ಜೋಡಿಸಿ ಮಾನಿಟರಿನ ದುಡ್ಡು ಉಳಿಸುತ್ತೇವೆ ಎನ್ನುವವರಿಗೆ: 32 ಇಂಚಿನ ಟಿವಿ 45 ವ್ಯಾಟ್ ಎಳೆದರೆ, ಮೇಲೆ ಲೆಕ್ಕ ಹಾಕಿದ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು.

ಈಗ ಕೊಳ್ಳುವ ಲೆಕ್ಕ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಲೋಕದೆಲ್ಲೆಡೆ ಏರಿರುವುದರಿಂದ ಇವು ಅಂದಾಜುಗಳು. ನಿಮ್ಮ ಕೊಟೇಶನ್ ಬಂದ ಮೇಲೆ ಅಂಕಿ ಬದಲಿಸಿ ಇದೇ ದಾರಿಯಲ್ಲಿ ಕೂಡಿ. ಮಿನಿ 18,000, ಮಾನಿಟರ್ 7,000, ಕೀಬೋರ್ಡ್-ಮೌಸ್ 1,000, ಯುಪಿಎಸ್ 3,000, ಒಟ್ಟು 29,000 ರೂಪಾಯಿ. ಜೋಡಿಸಿದ ಡಬ್ಬ 24,000, ಉಳಿದವು ಅವೇ, ಒಟ್ಟು 35,000. ಐದು ವರ್ಷಕ್ಕೆ ಮಾನಿಟರ್ ಸೇರಿಸಿ ವಿದ್ಯುತ್ತು ಮಿನಿಗೆ 2,304, ಡಬ್ಬಕ್ಕೆ 5,760. ಯುಪಿಎಸ್ ಬ್ಯಾಟರಿ ಒಮ್ಮೆ ಬದಲಿಸಲು ಎರಡಕ್ಕೂ 1,000. ಮಿನಿಯ ಅಡಾಪ್ಟರ್ ಒಮ್ಮೆ ಹೋದರೆ 600, ಡಬ್ಬದ ಎಸ್‌ಎಂಪಿಎಸ್ ಒಮ್ಮೆ ಹೋದರೆ 1,500. ಕೂಡಿದರೆ ಮಿನಿಗೆ 32,904, ಡಬ್ಬಕ್ಕೆ 43,260. ಮಿನಿ 10,356 ರೂಪಾಯಿ ಅಗ್ಗ.

ಇದೇ ಲೆಕ್ಕದಲ್ಲಿ ಒಂದು ಸಿಡಿಲು ಬಿದ್ದಿತೆನ್ನಿ. ಮಿನಿಯಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸೆದಿರುತ್ತದೆ, ಬೋರ್ಡು ಸುಟ್ಟರೆ ಯಂತ್ರವೇ ಹೋದಂತೆ: ಮತ್ತೆ 18,000, ಮೊತ್ತ 50,904. ಡಬ್ಬದಲ್ಲಿ ಮದರ್‌ಬೋರ್ಡ್ ಮಾತ್ರ ಬದಲಿಸಿದರೆ 6,000, ಮೊತ್ತ 49,260. ಒಂದೇ ಏಟಿಗೆ ತಕ್ಕಡಿ ಆ ಕಡೆ ವಾಲಿತು. ಸಿಡಿಲಿಗೆ ಹೆಸರಾದ ಗುಡ್ಡದಂಚಿನಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ. ರಿಪೇರಿಯದೂ ಅದೇ ಕಥೆ. ಡಬ್ಬದ ಬಿಡಿಭಾಗ ಮೂಡಿಗೆರೆಯಲ್ಲಿ ಸಿಗದಿದ್ದರೆ ಚಿಕ್ಕಮಗಳೂರಿನಲ್ಲಿ ಸಿಗುತ್ತದೆ. ಹೆಸರಿಲ್ಲದ ಕಂಪನಿಯ ಮಿನಿಗೆ ಬೋರ್ಡು ಎಲ್ಲಿಯೂ ಬಿಡಿಯಾಗಿ ಸಿಗುವುದಿಲ್ಲ. ವಾರಂಟಿ ಇದ್ದರೂ ಬೆಂಗಳೂರಿಗೆ ಕೊರಿಯರ್ ಮಾಡಿ ಕಾಯಬೇಕು.

ಈ ಎರಡರ ನಡುವೆ ಒಂದು ದಾರಿ ನನಗೆ ಒಪ್ಪಿಗೆಯಾಗಿದೆ: ಕಂಪನಿಗಳು ಬಳಸಿ ಬಿಟ್ಟ, ಸುಮಾರು 18 x 18 x 3.5 ಸೆಂ.ಮೀ. ಅಳತೆಯ ಲೆನೊವೊ ಟೈನಿ, ಡೆಲ್ ಮೈಕ್ರೋ ತರಹದ ಯಂತ್ರಗಳು. ಗಾತ್ರ ಒಂದು ಲೀಟರಿನ ಆಸುಪಾಸು, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬಿಚ್ಚಿ ಹಾಕಬಹುದು. ಮಾರುಕಟ್ಟೆಯಲ್ಲಿ ಇವು ಬೇಕಾದಷ್ಟು ಇರುವುದರಿಂದ ಬಿಡಿಭಾಗಕ್ಕೂ ಪರದಾಟ ಕಮ್ಮಿ. ಆದರೆ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದನ್ನು ಮುಟ್ಟಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಪ್ರೊಸೆಸರ್‌ಗಳಿಗೆ ವಿಂಡೋಸ್ 11 ಇಲ್ಲ.

ಲ್ಯಾಪ್‌ಟಾಪ್‌ನ ಮಾತು ಬಂದೇ ಬರುತ್ತದೆ. ಒಬ್ಬರೇ ಬಳಸುವುದಾದರೆ, ಊರೂರು ಒಯ್ಯುವುದಾದರೆ, ಅದನ್ನೇ ಕೊಳ್ಳಿ. ಪರದೆಯೂ ಸೇರಿ 10-12 ವ್ಯಾಟ್‌ನಲ್ಲಿ ಕೆಲಸ ಮುಗಿಸುವ ಅದನ್ನು ಕರೆಂಟಿಲ್ಲದ ದಿನ ಯಾವ ಮಿನಿಯೂ ಸೋಲಿಸಲಾರದು. ತೋಟದ ಆಫೀಸಿನಲ್ಲಿ ರೈಟರು, ಮಾಲೀಕರು, ಮನೆಯವರು ಎಲ್ಲರೂ ಕೂರುವ ಜಾಗಕ್ಕೆ ಮಾತ್ರ ಮಿನಿ ವಾಸಿ. ಚೆಕ್‌ರೋಲಿನ 31 ದಿನದ ಅಂಕಣಗಳು 22 ಇಂಚಿನ ಪರದೆಯಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ. ಕೀಬೋರ್ಡಿಗೆ ಕಾಫಿ ಚೆಲ್ಲಿದರೆ ಹೋಗುವುದು 500 ರೂಪಾಯಿ.

ಕೊಳ್ಳುವಾಗ ಅಡಾಪ್ಟರಿನ ಮೇಲಿನ ಚೀಟಿ ಓದಿ. 12 ವೋಲ್ಟ್, 3 ಆಂಪಿಯರ್, ಉರುಟು ಪಿನ್ ಎಂದಿದ್ದರೆ ಕ್ಯಾಮೆರಾ ಸಾಮಾನು ಮಾರುವ ಅಂಗಡಿಯಲ್ಲೇ ಬದಲಿ ಸಿಗಬಹುದು, ಪಿನ್ನಿನ ದಪ್ಪ ಮತ್ತು ಧ್ರುವ ಹೊಂದಬೇಕು ಅಷ್ಟೇ. 12 ವೋಲ್ಟ್ ತಾನೇ ಎಂದು ಇನ್ವರ್ಟರ್ ಬ್ಯಾಟರಿಗೆ ನೇರ ತಂತಿ ಎಳೆಯಬೇಡಿ. ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ. ಮೋಡ ಕಟ್ಟಿದಾಗ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ ರೂಟರಿನಿಂದ ಬರುವ ಲ್ಯಾನ್ ವೈರನ್ನೂ ಕೀಳಿ. ಸಿಡಿಲಿನ ಏಟು ಆ ತಾಮ್ರದ ದಾರಿಯಲ್ಲೂ ಬರುತ್ತದೆ. ಅರ್ಥಿಂಗ್ ಗುಂಡಿಯನ್ನು ಮೇ ತಿಂಗಳಲ್ಲೇ ನೋಡಿಸಿ. ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಆರಿಸಿಡುವ ಬದಲು ದಿನಕ್ಕೊಂದು ಗಂಟೆ ಓಡಿಸಿ. ಅದರ 12 ವ್ಯಾಟ್ ಕಾವಿಗೆ ಒಳಗಿನ ತೇವ ಆರುತ್ತದೆ, ತಗಲುವ ಖರ್ಚು ತಿಂಗಳಿಗೆ 2 ರೂಪಾಯಿ 16 ಪೈಸೆ.