ಲಕೋಟೆಗೊಂದು ಹಾಲೆಮರದ ಕತ್ತಿ

ಲಕೋಟೆಗೂ ಅರಗಿಗೂ ಹಳೆಯ ನಂಟು. ವಿಮೆ ಮಾಡಿಸಿದ ಅಂಚೆ, ಪ್ರಶ್ನೆಪತ್ರಿಕೆಯ ಕಟ್ಟು, ಕಚೇರಿಯ ಗುಟ್ಟಿನ ಕಾಗದ ಇವಕ್ಕೆಲ್ಲ ಕೆಂಪರಗು ಕರಗಿಸಿ ಸುರಿದು, ಮುದ್ರೆಯೊತ್ತಿ ಬಾಯಿ ಮುಚ್ಚುತ್ತಿದ್ದರು. ಹಾಗೆ ಮುಚ್ಚಿದ್ದನ್ನು ಬಿಚ್ಚುವ ಕತ್ತಿಗೂ ಹಿಡಿಯ ಮೇಲೆ ಅದೇ ಅರಗಿನ ಹೊಳಪು ಬಂದರೆ ಹೇಗಿರುತ್ತದೆ? ನೋಡಬೇಕೆಂದರೆ ಚನ್ನಪಟ್ಟಣದ ಲೇಥಿನ ಮುಂದೆ ಕೂರಬೇಕು.

ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 60 ಕಿ.ಮೀ. ದೂರದ ಈ ಊರು ಹೆಸರಾದದ್ದು ಗೊಂಬೆಗಳಿಂದ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಅರಗಿನ ಕೆಲಸದ ವಿಧಾನವನ್ನು ಇಲ್ಲಿಗೆ ತಂದ ಬಾವಾಸ್ ಮಿಯಾನರ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅಸಲಿಗೆ ಗೊಂಬೆ ಈ ಕಸುಬಿನ ಒಂದು ಫಸಲು ಅಷ್ಟೇ. ಮರವನ್ನು ದುಂಡಗೆ ಕಡೆಯಲು ಬಲ್ಲ ಕೈಗೆ ಬಳೆ, ಮಣಿ, ಕುಂಕುಮದ ಭರಣಿ, ಕತ್ತಿಯ ಹಿಡಿ ಎಲ್ಲವೂ ಒಂದೇ.

ಕಡೆಯುವುದು ಹಾಲೆಮರವನ್ನು. ಗೀರಿದರೆ ಹಾಲು ಸುರಿಸುವ ಮರ ಇದು. ತಿರುಳು ಬೆಳ್ಳಗೆ, ಎಳೆ ನುಣುಪು. ತುಂಡುಗಳನ್ನು ಕೆಲವು ತಿಂಗಳು ಒಣಗಲು ಬಿಡುತ್ತಾರೆ. ಹಸಿ ಮರದಲ್ಲಿ ಕೆಲಸ ಮಾಡಿದರೆ ಆಮೇಲೆ ಸೊಟ್ಟಗಾಗಿ ಬಿರುಕು ಬಿಡುತ್ತದೆ. ಮೈ ಬೆಳ್ಳಗಿರುವುದರಿಂದ ಮೇಲೆ ಬಳಿದ ಬಣ್ಣ ಕಳೆಗುಂದುವುದಿಲ್ಲ. ಬೀಟೆಯಂಥ ಕಪ್ಪು ಮರಕ್ಕೆ ಈ ಭಾಗ್ಯವಿಲ್ಲ. ಆಂಧ್ರದ ಏಟಿಕೊಪ್ಪಾಕದವರೂ ಇದೇ ಮರ, ಇದೇ ಅರಗು ನೆಚ್ಚಿಕೊಂಡವರು.

ಸಾಗರ, ಸೊರಬದ ಗುಡಿಗಾರರು ಗಂಧ ಕೆತ್ತುವಾಗ ಮರ ಕದಲುವುದಿಲ್ಲ, ಉಳಿಯೇ ಅದರ ಸುತ್ತ ಓಡಾಡುತ್ತದೆ. ಲೇಥಿನಲ್ಲಿ ಇದು ತಿರುಗುಮುರುಗು. ಗಿರಗಿರನೆ ತಿರುಗುವುದು ಮರ. ಉಳಿಯನ್ನು ಆನಿಕೆಯ ಮೇಲೆ ಗಟ್ಟಿಯಾಗಿ ಹಿಡಿದು ತಾಗಿಸಬೇಕು. ಹಿಂದೆ ಬಿಲ್ಲಿನ ಹುರಿಯನ್ನು ಸುತ್ತಿ ಎಳೆದು ತಿರುಗಿಸುತ್ತಿದ್ದರು, ಈಗ ಮೋಟಾರು ಬಂದಿದೆ. ಒರಟು ತುಂಡನ್ನು ಮೊದಲು ದುಂಡಗೆ ಮಾಡಿ, ಹಿಡಿಗೆ ಉಬ್ಬು ತಗ್ಗು ಕೊಟ್ಟು, ಮುಂದಿನ ಭಾಗವನ್ನು ತೆಳುವಾಗಿಸುತ್ತ ಹೋದರೆ ಕದಿರಿನಂಥ ಆಕಾರ ಬರುತ್ತದೆ. ಎಳೆ ಉದ್ದಕ್ಕೆ ಸಾಗಿರಬೇಕು. ನಡುವೆ ಓರೆಯಾಗಿ ಹೊರಬಿದ್ದಿದ್ದರೆ ಮೊದಲ ದಪ್ಪ ಲಕೋಟೆಗೇ ತುದಿ ಮುರಿದು ಕೈಗೆ ಬರುತ್ತದೆ.

ನನಗೆ ಸೋಜಿಗವೆನಿಸುವುದು ಬಣ್ಣ ಹಾಕುವ ಘಟ್ಟ. ಕುಂಚವಿಲ್ಲ, ಬೆಂಕಿಯೂ ಇಲ್ಲ. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗಳಲ್ಲಿ ಪುಟ್ಟ ಹುಳುಗಳು ರಸ ಹೀರಿ ಕಟ್ಟಿದ ಅಂಟೇ ಅರಗು. ಜಾರ್ಖಂಡಿನಲ್ಲಿ ಇದರ ಬೆಳೆ ಹೆಚ್ಚು. ಇದನ್ನು ಕಾಯಿಸಿ, ಬಣ್ಣ ಬೆರೆಸಿ, ನಾದಿ ಕಡ್ಡಿಗಳಾಗಿ ಹೊಸೆದಿಟ್ಟಿರುತ್ತಾರೆ. ತಿರುಗುತ್ತಿರುವ ಹಿಡಿಗೆ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಆಮೇಲೆ ಕೇದಗೆ ಜಾತಿಯ ಗಿಡದ ಒಣಗರಿಯನ್ನು ಮಡಿಸಿ ಒತ್ತಿ ಹಿಡಿದರೆ ಅಲ್ಲಲ್ಲಿ ದಪ್ಪಗಾದ ಅರಗು ಹರಡಿ ಒಂದೇ ಸಮನಾಗುತ್ತದೆ, ಕಣ್ಣೆದುರೇ ಕನ್ನಡಿಯ ಹೊಳಪು ಮೂಡುತ್ತದೆ. ಸಹಜ ಬಣ್ಣವೇ ಬೇಕೆನ್ನುವವರು ಹಳದಿಗೆ ಅರಿಸಿನವನ್ನೂ ನೀಲಿಗೆ ನೀಲಿಗಿಡವನ್ನೂ ಬಳಸುತ್ತಾರೆ.

ಈ ಹೊಳಪು ಅಲಗಿಗೆ ಸಿಗುವುದಿಲ್ಲ. ಅರಗು ಕೂರಬೇಕಾದರೆ ಮೈ ದುಂಡಗಿದ್ದು ಸುತ್ತಬೇಕು; ಅಲಗು ಚಪ್ಪಟೆ. ಲೇಥಿನಿಂದ ಇಳಿಸಿದ ಮೇಲೆ ಎರಡೂ ಬದಿ ಹೆರೆದು, ಮರಳು ಕಾಗದದಿಂದ ತಿಕ್ಕಿ ತೆಳ್ಳಗೆ ಮಾಡಬೇಕಾಗುತ್ತದೆ. ಕೆಲವರು ಹಿಡಿಯನ್ನಷ್ಟೇ ಕಡೆದು, ತುದಿಗೆ ತೂತು ಕೊರೆದು ಲೋಹದ ಅಲಗು ಕೂರಿಸುತ್ತಾರೆ. ಸುಲಭವೇನೋ ಹೌದು, ನನಗೆ ಮಾತ್ರ ಬರಿಯ ಮರದ್ದೇ ಇಷ್ಟ. ಹರಿತ ಕಡಮೆಯೆಂದು ಮೂಗು ಮುರಿಯುವವರಿಗೆ ಒಂದು ಮಾತು: ಈ ಕೆಲಸಕ್ಕೆ ಹರಿತ ಇರಬಾರದು. ಅಂಚು ಚೂಪಾಗಿದ್ದರೆ ಮಡಿಕೆ ಬಿಟ್ಟು ಒಳಗಿನ ಪತ್ರವನ್ನೇ ಸೀಳುತ್ತದೆ. ಮೊಂಡ ಅಂಚು ಮಡಿಕೆಯ ಗುಂಟವೇ ಸಾಗುತ್ತದೆ. ಹಿಂದೆ ಪುಟಗಳನ್ನು ಬಿಡಿಸದೆ ಹೊಲಿದ ಪುಸ್ತಕಗಳು ಬರುತ್ತಿದ್ದ ಯುರೋಪಿನಲ್ಲಿ ಓದುಗರು ಮರದ, ದಂತದ ಕತ್ತಿಗಳನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದುದು ಇದಕ್ಕೇ.

ಹಾಲೆ ಸಿಗದ ಕಡೆ ತೆಂಗಿನ ಮರವೂ ಆಗುತ್ತದೆ. ಕಾಂಡದ ಹೊರಭಾಗದ ಕಪ್ಪು ನಾರು ಉಕ್ಕಿನಷ್ಟು ಬಿರುಸು, ಉಳಿಯನ್ನು ಬೇಗ ಮೊಂಡಾಗಿಸುತ್ತದೆ. ಆದರೆ ಅದರ ಚುಕ್ಕಿ ಗೆರೆಗಳ ಚೆಲುವಿಗೆ ಬಣ್ಣ ಬೇಕಿಲ್ಲ, ಎಣ್ಣೆ ತಿಕ್ಕಿದರೆ ಸಾಕು.

ಕಾಗದ ಬರೆಯುವವರೇ ಇಲ್ಲದ ಕಾಲದಲ್ಲಿ ಇದ್ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ರಿಜಿಸ್ಟರ್ಡ್ ಅಂಚೆ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಆದರೂ ಬ್ಯಾಂಕಿನ ಲಕೋಟೆ, ಮದುವೆಯ ಕರೆಯೋಲೆ ನಿಂತಿಲ್ಲ. ಅವನ್ನು ಬೆರಳಿನಿಂದ ಹರಿದು ಒಳಗಿನ ಕಾಗದದ ಅಂಚನ್ನೂ ಹಾಳುಮಾಡುವವರೇ ಹೆಚ್ಚು. ಕೊಳ್ಳುವವರು ಅಲಗನ್ನು ಬೆಳಕಿಗೆ ಹಿಡಿದು ಎಳೆ ತುದಿಯವರೆಗೂ ನೇರವಾಗಿದೆಯೇ ನೋಡಲಿ. ಹಿಡಿಯನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಯಾನಿಟೈಸರ್ ಮಾತ್ರ ಸೋಕಿಸಬಾರದು, ಆಲ್ಕೋಹಾಲಿಗೆ ಅರಗು ಕರಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ, ಹಿಡಿ ಮೆತ್ತಗಾಗಿ ಪಕ್ಕದ ಕಾಗದಕ್ಕೆ ಅಂಟಿಕೊಂಡೀತು.