ಹರಳಿನ ಪಕ್ಕದಲ್ಲೇ ಅದರ ತವರು

ಅಡುಗೆಮನೆಯ ಹರಳುಪ್ಪಿಗೂ ಉಂಗುರದ ಹರಳಿಗೂ ಕನ್ನಡದಲ್ಲಿ ಒಂದೇ ಮಾತು. ಉಪ್ಪಿನ ಹರಳಿಗೆ ಚೌಕ ಮುಖಗಳು ತಾವಾಗಿ ಮೂಡುತ್ತವೆ. ಉಂಗುರದ ಹರಳಿಗೆ ಸಾಣೆ ಹಿಡಿಯುವವನು ಮುಖ ಕೊಡುತ್ತಾನೆ. ಖನಿಜ ಸಂಗ್ರಹಿಸುವವರಲ್ಲಿ ಕೆಲವರಿಗೆ ಇವೆರಡೂ ಬೇಕು, ಅದೂ ಅಕ್ಕಪಕ್ಕದಲ್ಲಿ: ಎಡಕ್ಕೆ ನೆಲದಿಂದ ಬಂದಂತೆಯೇ ಇರುವ ಸ್ಫಟಿಕ, ಬಲಕ್ಕೆ ಅದೇ ಖನಿಜದ ಸಾಣೆ ಹಿಡಿದ ಹರಳು.

ಇಂಥ ಜೋಡಿಗೆ ಹೇಳಿ ಮಾಡಿಸಿದ್ದು ಬೆನಿಟೊಯೈಟ್. 1907ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೊ ಕೌಂಟಿಯ ಬೆಟ್ಟಗಳಲ್ಲಿ ಸಿಕ್ಕಾಗ ಇದನ್ನು ನೀಲಮಣಿ ಎಂದುಕೊಂಡವರಿದ್ದರು. ಭೂವಿಜ್ಞಾನಿ ಜಾರ್ಜ್ ಲೌಡರ್‌ಬ್ಯಾಕ್ ಪರೀಕ್ಷಿಸಿ, ಇದು ಹೊಸ ಖನಿಜ ಎಂದು ತೋರಿಸಿದರು. ಸುತ್ತ ಗಟ್ಟಿಯಾಗಿ ಹಿಡಿದಿರುವ ನ್ಯಾಟ್ರೊಲೈಟ್ ಎಂಬ ಬಿಳಿ ಖನಿಜವನ್ನು ಆಸಿಡ್‌ನಲ್ಲಿ ಕರಗಿಸಿದರೆ ಒಳಗಿನಿಂದ ನೀಲಿ ಸ್ಫಟಿಕಗಳು ತಲೆ ಎತ್ತುತ್ತವೆ. ಮೂರು ಮೂಲೆ, ಚಪ್ಪಟೆ ಮೈ. ಪುಟಾಣಿ ಸಮೋಸದ ಆಕಾರ ಎಂದರೂ ತಪ್ಪಿಲ್ಲ. ಅದೇ ಕಲ್ಲಿಗೆ ಸಾಣೆ ಹಿಡಿದರೆ, ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವುದರಲ್ಲಿ ವಜ್ರಕ್ಕೆ ಸರಿಸಾಟಿ. ಸಮೋಸದಲ್ಲಿ ಈ ಮಿಂಚು ಕಾಣದು, ಹರಳಿನಲ್ಲಿ ಆ ಮೂರು ಮೂಲೆ ಉಳಿಯದು.

ಹಾಗಾದರೆ ಬಲಗಡೆಯದು ಎಡಗಡೆಯ ಕಲ್ಲಿನದೇ ತುಂಡೇ? ಸಾಮಾನ್ಯವಾಗಿ ಅಲ್ಲ. ಸಾಣೆಯಲ್ಲಿ ಕಲ್ಲಿನ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುತ್ತದೆ. ಮೂಲೆ ಮುಕ್ಕಾಗದ ಸ್ಫಟಿಕವನ್ನು ಚಕ್ರಕ್ಕೆ ಕೊಡಲು ಸಂಗ್ರಾಹಕನ ಕೈ ಬರುವುದಿಲ್ಲ. ಮುರಿದ ಚೂರೇ ಹರಳಾಗುತ್ತದೆ. ಒಂದೇ ಗಣಿಯದಾದರೆ ಜೋಡಿ ಒಳ್ಳೆಯದು, ಗಣಿಯ ಒಂದೇ ಪೊಟರೆಯದಾದರೆ ಇನ್ನೂ ಒಳ್ಳೆಯದು. ಆದರೆ ಸಾಣೆ ಹಿಡಿದ ಕಲ್ಲು ತನ್ನ ಊರಿನ ಗುರುತನ್ನು ಬಹುಪಾಲು ಕಳೆದುಕೊಂಡಿರುತ್ತದೆ. ಹೀಗಾಗಿ ಪೆಟ್ಟಿಗೆಯಲ್ಲಿರುವ ಚೀಟಿಯೇ ಅದರ ಜಾತಕ.

ಜೋಡಿ ಎಂದ ಮಾತ್ರಕ್ಕೆ ಬಣ್ಣವೂ ಹೊಂದಬೇಕೆಂದಿಲ್ಲ. 1967ರಲ್ಲಿ ಟಾಂಜಾನಿಯಾದ ಮೆರೆಲಾನಿಯಲ್ಲಿ ಬೆಳಕಿಗೆ ಬಂದ ಟಾಂಜಾನೈಟ್ ನೆಲದಿಂದ ಬರುವಾಗ ಹೆಚ್ಚಾಗಿ ಕಂದು. ಕುಲುಮೆಯಲ್ಲಿ ಕಾಯಿಸಿದ ಮೇಲೆಯೇ ಅಂಗಡಿಯಲ್ಲಿ ಕಾಣುವ ಆ ನೀಲಿ. ಎಡಕ್ಕೆ ಕಂದು ಕಡ್ಡಿ, ಬಲಕ್ಕೆ ನೀಲಿ ಹರಳು ಇಟ್ಟವರದ್ದು ಹೆಚ್ಚು ಪ್ರಾಮಾಣಿಕ ಜೋಡಿ.

ನಮ್ಮ ಪಕ್ಕದ ಮಹಾರಾಷ್ಟ್ರವೂ ಈ ಹವ್ಯಾಸದ ನಕ್ಷೆಯಲ್ಲಿದೆ. ಪುಣೆ, ಜಳಗಾಂವ್ ಸುತ್ತಲಿನ ಕರಿಕಲ್ಲಿನ ಕ್ವಾರಿಗಳಲ್ಲಿ ಸಿಗುವ ಆಪೊಫಿಲೈಟ್ ಸ್ಫಟಿಕಗಳು ಜಗತ್ತಿನ ಮ್ಯೂಸಿಯಂಗಳನ್ನು ಸೇರಿವೆ. ಇದಕ್ಕೆ ಸಾಣೆ ಹಿಡಿಯುವುದು ಮಾತ್ರ ಎದೆಗಾರಿಕೆಯ ಕೆಲಸ: ಕಲ್ಲು ಮೆದು, ಮೇಲಾಗಿ ಒಂದು ದಿಕ್ಕಿನಲ್ಲಿ ಪದರವಾಗಿ ಸೀಳುತ್ತದೆ. ಅಂಥ ಹರಳು ಪೆಟ್ಟಿಗೆಗೆ ಸರಿ, ಉಂಗುರಕ್ಕಲ್ಲ.

ಗಾತ್ರದ ಮಾತು ಬಂದರೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂಗೇ ಹೋಗಬೇಕು. ಅಲ್ಲಿನ ಅಮೆರಿಕನ್ ಗೋಲ್ಡನ್ ಟೋಪಾಜ್ ಎಂಬ ಸಾಣೆ ಹಿಡಿದ ಹರಳು 22,892.5 ಕ್ಯಾರೆಟ್, ಅಂದರೆ ಸುಮಾರು ನಾಲ್ಕೂವರೆ ಕಿಲೊ. ಅದರ ಜೊತೆಗಿರುವ ಎರಡು ಟೋಪಾಜ್ ಸ್ಫಟಿಕಗಳ ತೂಕ 31.8 ಮತ್ತು 50.4 ಕಿಲೊ!

ತಿರುಗುಮುರುಗಾದ ಕಥೆ ಟಾಫೈಟ್‌ನದು. 1945ರಲ್ಲಿ ಡಬ್ಲಿನ್‌ನ ರಿಚರ್ಡ್ ಟಾಫೆ, ಹಳೆ ಹರಳುಗಳ ರಾಶಿಯಿಂದ ಕೊಂಡಿದ್ದ ತಿಳಿನೇರಳೆ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ಸ್ಪೈನಲ್ ಎಂಬ ರತ್ನವೇ ಆಗಿದ್ದರೆ ಹಿಂಬದಿಯ ಅಂಚುಗಳು ಒಂಟಿಯಾಗಿ ಕಾಣಬೇಕಿತ್ತು. ಇದರಲ್ಲಿ ಜೋಡಿಯಾಗಿ ಕಂಡವು. ಹೀಗೆ ಹರಳಾಗಿ ಮೊದಲು ಪತ್ತೆಯಾದ ಖನಿಜಕ್ಕೆ ಎಡಗಡೆಯ ಜೊತೆಗಾರನನ್ನು ಹೊಂದಿಸುವುದು ಇವತ್ತಿಗೂ ಕಷ್ಟ. ಶ್ರೀಲಂಕಾದ ಜಲ್ಲಿಯಲ್ಲಿ ಸಿಗುವುದು ಹೆಚ್ಚಾಗಿ ನೀರಿನಲ್ಲಿ ಉರುಳಿ ಮುಖ ಸವೆದ ಉರುಟು ಕಲ್ಲುಗಳು.